ಐವತ್ತು ಕೋಟಿಯಲ್ಲಿ ಮೊದಲನೆಯದು

256 ಜಿಬಿಯ ಒಂದು ಪೆನ್‌ಡ್ರೈವ್ ತೆಗೆದುಕೊಳ್ಳಿ. ನಮಗೆ ಅದು ಫೋಟೋ, ಸಿನಿಮಾ, ತಂಗಿ ಮದುವೆಯ ವಿಡಿಯೊ. ಕಂಪ್ಯೂಟರಿಗೆ ಮಾತ್ರ ಅದು 512 ಬೈಟ್‌ಗಳ ಸೆಕ್ಟರುಗಳು ಒಂದರ ಹಿಂದೊಂದು ನಿಂತ ಉದ್ದನೆಯ ಸಾಲು. ಪೊಟ್ಟಣದ ಮೇಲೆ ಅಚ್ಚಾದ ಸಂಖ್ಯೆಯನ್ನೇ ಹಿಡಿದು ಭಾಗಿಸಿದರೆ ಆ ಸಾಲಿನಲ್ಲಿರುವ ಸೆಕ್ಟರುಗಳು 50 ಕೋಟಿ. ಶೇಷ ಉಳಿಯದ ಭಾಗಾಕಾರ. ಊಟ ನಿದ್ದೆ ಬಿಟ್ಟು ಸೆಕೆಂಡಿಗೊಂದರಂತೆ ಎಣಿಸುತ್ತ ಕೂತರೆ ಮುಗಿಯಲು 15 ವರ್ಷ 10 ತಿಂಗಳು ಬೇಕು. ಕಂಪ್ಯೂಟರ್ ಚಾಲೂ ಆದೊಡನೆ ಮೊದಲು ಓಡುವ ಪ್ರೋಗ್ರಾಮ್ ಬಯಾಸ್; ಆ ಹಳೆಯ ಪದ್ಧತಿಯಲ್ಲಿ ಈ ಡ್ರೈವ್‌ನಿಂದ ಕಂಪ್ಯೂಟರ್ ಬೂಟ್ ಆಗಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆ ಐವತ್ತು ಕೋಟಿಯಲ್ಲಿ ಮೊದಲನೆಯದು, ಅದೊಂದೇ. ಅದರಲ್ಲೂ ಕೊನೆಯ ಎರಡು ಬೈಟ್.

ಆ ಎರಡು ಬೈಟ್ ಯಾವಾಗಲೂ ಅವೇ: ಹದಿನಾರರ ಅಂಕಪದ್ಧತಿಯಲ್ಲಿ 55 ಮತ್ತು ಎಎ. ಬಿಡಿಸಿ ಬರೆದರೆ 01010101, ಆಮೇಲೆ 10101010. ಈ ಗುರುತು ಕಂಡರೆ ಬಯಾಸ್ ಸೆಕ್ಟರನ್ನು ನಂಬಿ ಅದರೊಳಗಿನ ಪ್ರೋಗ್ರಾಮನ್ನು ಓಡಿಸುತ್ತದೆ. ಕಾಣದಿದ್ದರೆ ಉಳಿದ 49,99,99,999 ಸೆಕ್ಟರುಗಳಲ್ಲಿ ಎಂಥ ಆಪರೇಟಿಂಗ್ ಸಿಸ್ಟಂ ತುಂಬಿದ್ದರೂ ಅಷ್ಟೇ. ಬಹುತೇಕ ಯಂತ್ರಗಳು ಮುಂದಿನ ಡಿಸ್ಕಿನತ್ತ ನಡೆದುಬಿಡುತ್ತವೆ. ಆಪರೇಟಿಂಗ್ ಸಿಸ್ಟಂನ ಐಎಸ್‌ಒ ಕಡತವನ್ನು ಸುಮ್ಮನೆ ಕಾಪಿ-ಪೇಸ್ಟ್ ಮಾಡಿ, ‘ಯಾಕೆ ಬೂಟ್ ಆಗ್ತಿಲ್ಲ?’ ಎಂದು ತಲೆ ಕೆರೆದುಕೊಳ್ಳುವವರಿಗೆ ಉತ್ತರ ಇಲ್ಲೇ ಇದೆ. ಕಡತ ಬಂದು ಕೂತದ್ದು ಎಲ್ಲೋ ಲಕ್ಷಾಂತರ ಸೆಕ್ಟರುಗಳಾಚೆ. ಬಾಗಿಲಲ್ಲಿ ಯಾರೂ ಇಲ್ಲ.

512ರಲ್ಲಿ ಎರಡು ಕಳೆದರೆ 510. ಅದರಲ್ಲಿ 64 ಬೈಟ್ ಪಾರ್ಟಿಷನ್ ಪಟ್ಟಿಗೆ ಮೀಸಲು, 16 ಬೈಟ್‌ಗಳ ನಾಲ್ಕು ಸಾಲು. ಬೂಟ್ ಮಾಡಿಸುವ ಮೊದಲ ಪ್ರೋಗ್ರಾಮಿಗೆ ಉಳಿಯುವುದು 446 ಬೈಟ್. ಈ ಏರ್ಪಾಡು ಐಬಿಎಂನ ಪಿಸಿ ಎಕ್ಸ್‌ಟಿ ಮತ್ತು ಡಾಸ್ 2.0 ಬಂದ 1983ರದು. ಎಕ್ಸ್‌ಟಿಯ ಹಾರ್ಡ್ ಡಿಸ್ಕ್ 10 ಎಂಬಿ. ನಮ್ಮ ಪೆನ್‌ಡ್ರೈವ್‌ನಲ್ಲಿ ಅಂಥ 25,600 ಡಿಸ್ಕ್ ಹಿಡಿಸುತ್ತವೆ. ಆದರೂ ಹೆಬ್ಬಾಗಿಲಿನ ಅಳತೆ ಒಂದು ಬೈಟೂ ಹಿಗ್ಗಿಲ್ಲ.

446 ಬೈಟ್ ಎಂದರೆ ಎಷ್ಟು? ಯೂನಿಕೋಡ್ ಕನ್ನಡದಲ್ಲಿ ಲೆಕ್ಕ ಹಾಕಿ ನೋಡಬಹುದು. ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಚಿಹ್ನೆಗೂ ಮೂರು ಬೈಟ್ ಬೇಕು. ‘ಕರ್ನಾಟಕ’ ಎಂಬ ಪದವನ್ನು ಕಂಪ್ಯೂಟರ್ ಬಿಡಿಸಿಕೊಳ್ಳುವುದು ಹೀಗೆ: ಕ, ರ, ಹಲಂತದ ಚಿಹ್ನೆ, ನ, ಆಕಾರದ ಚಿಹ್ನೆ, ಟ, ಕ. ಒಟ್ಟು ಏಳು, ಅಂದರೆ 21 ಬೈಟ್. ನಡುವೆ ಜಾಗ ಬಿಡದೆ ‘ಕರ್ನಾಟಕ’ ಎಂದು 21 ಸಲ ಬರೆದರೆ 441 ಬೈಟ್ ಮುಗಿದುಹೋಗಿ ಐದು ಉಳಿಯುತ್ತದೆ. ಅಷ್ಟು ಜಾಗದಲ್ಲಿ ಒಬ್ಬ ಪ್ರೋಗ್ರಾಮರ್ ಪಾರ್ಟಿಷನ್ ಪಟ್ಟಿ ಓದಿ, ಯಾವುದು ಸಕ್ರಿಯ ಎಂದು ಹುಡುಕಿ, ಅದರ ಮೊದಲ ಸೆಕ್ಟರನ್ನು ಮೆಮೊರಿಗೆ ತಂದು, ತಪ್ಪಾದರೆ ತಪ್ಪಾಯಿತೆಂದು ಹೇಳಿ, ಸರಿಯಿದ್ದರೆ ಅಧಿಕಾರ ಒಪ್ಪಿಸಿ ಪಕ್ಕಕ್ಕೆ ಸರಿಯುವ ಪ್ರೋಗ್ರಾಮ್ ಬರೆದ. ಈಗಿನ ಪ್ರೋಗ್ರಾಮುಗಳು ಊದಿಕೊಂಡಿವೆ ಎಂದು ಗೊಣಗುವವರ ಪೈಕಿ ನಾನೂ ಒಬ್ಬ. ಈ 446 ಬೈಟ್ ನೋಡಿದಾಗಲೆಲ್ಲ ಗೊಣಗಾಟಕ್ಕೆ ಇನ್ನಷ್ಟು ಬಲ ಬರುತ್ತದೆ.

ಆ ಸೆಕ್ಟರನ್ನು ಬಯಾಸ್ ಮೆಮೊರಿಯಲ್ಲಿ ಎಲ್ಲಿ ತಂದಿಡುತ್ತದೆ ಎಂಬುದಕ್ಕೂ ಒಂದು ಸಂಖ್ಯೆ ಇದೆ: 31,744. ವಿಚಿತ್ರವಾಗಿ ಕಾಣುತ್ತದೆ, ಆದರೆ ಲೆಕ್ಕ ಸರಳ. 1981ರ ಮೂಲ ಐಬಿಎಂ ಪಿಸಿಯಲ್ಲಿ ಡಿಸ್ಕಿನಿಂದ ಬೂಟ್ ಮಾಡಲು ಕನಿಷ್ಠ 32 ಕೆಬಿ ಮೆಮೊರಿ ಸಾಕು ಎಂದುಕೊಂಡಿದ್ದರು, ಅಂದರೆ 32,768 ಬೈಟ್. ಕೆಳಗಿನ ಜಾಗ ಆಪರೇಟಿಂಗ್ ಸಿಸ್ಟಂಗೆ ಖಾಲಿ ಉಳಿಯಲಿ ಎಂದು ಬೂಟ್ ಸೆಕ್ಟರನ್ನು ಆದಷ್ಟು ಮೇಲಕ್ಕೆ ತಳ್ಳಿದರು. ಅದಕ್ಕೊಂದು 512, ಅದು ಬಳಸುವ ದತ್ತಾಂಶಕ್ಕೊಂದು 512, ಒಟ್ಟು 1,024 ಕಳೆದರೆ 31,744. ಆ ತಂಡದ ಡೇವಿಡ್ ಬ್ರಾಡ್ಲಿ ಕೊಟ್ಟ ವಿವರಣೆ ಇದು. ಕಂಟ್ರೋಲ್-ಆಲ್ಟ್-ಡಿಲೀಟ್ ಕೊಟ್ಟವರೂ ಇವರೇ. 16 ಜಿಬಿ ರ‍್ಯಾಮ್ ಇರುವ ಯಂತ್ರವನ್ನೂ ಹಳೆಯ ಪದ್ಧತಿಯಲ್ಲಿ ಬೂಟ್ ಮಾಡಿದರೆ ಅದು ಮೊದಲ ಸೆಕ್ಟರನ್ನು ತಂದಿಡುವುದು 32 ಕೆಬಿಯ ಯಂತ್ರಕ್ಕೆಂದು ಗುರುತು ಹಾಕಿದ ಅದೇ ಜಾಗದಲ್ಲಿ.

ಈಗ ಇನ್ನೊಂದು ತುದಿಗೆ ಬರೋಣ. ಚಿಪ್ಪಿನ ಒಳಗೆ ಬಿಟ್‌ಗಳು ನಿಲ್ಲುವುದು ಸಣ್ಣ ಕೋಶಗಳಲ್ಲಿ, ಸಿಕ್ಕಿಹಾಕಿಕೊಂಡ ಎಲೆಕ್ಟ್ರಾನುಗಳಾಗಿ. ಒಂದು ಕೋಶದಲ್ಲಿ ಮೂರು ಬಿಟ್ ಇಡುವ ಚಿಪ್ ಆದರೆ, 256 ಜಿಬಿಗೆ ಬೇಕಾದ ಕೋಶಗಳು ಸುಮಾರು 68,000 ಕೋಟಿ. ಭೂಮಿಯ ಮೇಲಿನ 800 ಕೋಟಿ ಜನಕ್ಕೆ ಹಂಚಿದರೆ ತಲೆಗೆ 85. ಮೂರು ಬಿಟ್ ಎಂದರೆ ಎಂಟು ಮಟ್ಟ: ಎಷ್ಟು ಎಲೆಕ್ಟ್ರಾನ್ ಸಿಕ್ಕಿಕೊಂಡಿವೆ ಎಂಬುದನ್ನು ಎಂಟು ಹಂತಗಳಲ್ಲಿ ಬೇರ್ಪಡಿಸಿ ಓದಬೇಕು. ಕೋಶಕ್ಕೆ ಸಾವಿರ ಎಲೆಕ್ಟ್ರಾನ್ ಎಂದು ಧಾರಾಳವಾಗಿ ಹಿಡಿದರೂ ಇಡೀ ಡ್ರೈವ್‌ನಲ್ಲಿ ತುಂಬಿದ ಎಲೆಕ್ಟ್ರಾನುಗಳ ತೂಕ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲಿಗಿಂತ ಕಡಿಮೆ. ಅಷ್ಟರೊಳಗೆ ಎಷ್ಟು ಓದು ಹಿಡಿಸುತ್ತದೆ? ಪುಟಕ್ಕೆ 1,500 ಅಕ್ಷರ-ಚಿಹ್ನೆಗಳ, 300 ಪುಟಗಳ ಕನ್ನಡ ಪುಸ್ತಕ ಎಂದುಕೊಂಡರೆ 1 ಲಕ್ಷ 89 ಸಾವಿರ ಪುಸ್ತಕ. ದಿನಕ್ಕೊಂದು ಮುಗಿಸಿದರೂ 519 ವರ್ಷದ ಓದು.

ಈ ಬಗೆಯ ಮೆಮೊರಿಯನ್ನು ಕಂಡುಹಿಡಿದವರು ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕ. 1984ರಲ್ಲಿ ಮೊದಲ ಬಗೆಯ ಫ್ಲ್ಯಾಶ್, 1987ರಲ್ಲಿ ಇಂದಿನ ಪೆನ್‌ಡ್ರೈವ್‌ಗಳಲ್ಲಿರುವ ನ್ಯಾಂಡ್ ಬಗೆ. 2000ನೇ ಇಸವಿಯ ಕೊನೆಗೆ ಇಸ್ರೇಲಿನ ಎಂ-ಸಿಸ್ಟಮ್ಸ್ ತಯಾರಿಸಿದ ಯುಎಸ್‌ಬಿ ಡ್ರೈವನ್ನು ಐಬಿಎಂ ಅಮೆರಿಕದಲ್ಲಿ ಮಾರಿದಾಗ ಅದರಲ್ಲಿದ್ದದ್ದು 8 ಎಂಬಿ. ಐದು ಫ್ಲಾಪಿಗೆ ಸಮ ಎಂದು ಆಗ ಅದೇ ದೊಡ್ಡ ಸುದ್ದಿ. ಅಲ್ಲಿಂದ 256 ಜಿಬಿಗೆ 32,000 ಪಟ್ಟು. ನಮ್ಮ ಡ್ರೈವ್‌ನಲ್ಲಿರುವುದನ್ನು 1.44 ಎಂಬಿಯ ಫ್ಲಾಪಿಗಳಿಗೆ ಇಳಿಸಿದರೆ 1,73,611 ಫ್ಲಾಪಿ ತುಂಬಿ ಇನ್ನೊಂದು ಬೇಕಾಗುತ್ತದೆ. ಫ್ಲಾಪಿಯ ದಪ್ಪ 3.3 ಮಿಲಿಮೀಟರ್, ಒಂದರ ಮೇಲೊಂದು ಪೇರಿಸಿದರೆ ಸುಮಾರು 573 ಮೀಟರ್, ಎರಡು ಜೋಗವನ್ನು ಮೀರಿದ ಎತ್ತರ.

ಇಷ್ಟು ದೊಡ್ಡದಕ್ಕೆ ‘ಫಾರ್ಮ್ಯಾಟ್ ಹೊಡೆದರೆ’ ಏನಾಗುತ್ತದೆ? ಎಲ್ಲ ಅಳಿಸಿಹೋಗುತ್ತದೆ ಎಂದು ನಂಬಿದವರೇ ಹೆಚ್ಚು. ಕ್ವಿಕ್ ಫಾರ್ಮ್ಯಾಟ್‌ನ ಲೆಕ್ಕ ಬೇರೆಯೇ. ಫ್ಯಾಟ್‌32 ಪದ್ಧತಿಯಲ್ಲಿ, 32 ಕೆಬಿಯ ಕ್ಲಸ್ಟರುಗಳಾಗಿ ಕತ್ತರಿಸಿದರೆ 256 ಜಿಬಿಗೆ ಸುಮಾರು 78,12,500 ಕ್ಲಸ್ಟರ್. ಪ್ರತಿಯೊಂದಕ್ಕೂ ಪಟ್ಟಿಯಲ್ಲಿ ನಾಲ್ಕು ಬೈಟ್‌ನ ಒಂದು ನಮೂದು. ಪಟ್ಟಿ ಹಾಳಾದರೆ ಇರಲಿ ಎಂದು ಅದರ ಇನ್ನೊಂದು ಪ್ರತಿ. ಎರಡೂ ಸೇರಿ 62.5 ಎಂಬಿ. ಫಾರ್ಮ್ಯಾಟ್ ಹೆಚ್ಚುಕಡಿಮೆ ಇಷ್ಟನ್ನೇ ಹೊಸದಾಗಿ ಬರೆದು ‘ಮುಗಿಯಿತು’ ಎನ್ನುತ್ತದೆ. ಒಟ್ಟು ಜಾಗದ 4,096ರಲ್ಲಿ ಒಂದು ಪಾಲು. ಉಳಿದ 4,095 ಪಾಲಿನಲ್ಲಿ ಹಳೆಯ ಫೋಟೋ, ಹಳೆಯ ಪತ್ರ ಎಲ್ಲವೂ ಬರೆದ ಕಡೆಯಲ್ಲೇ ಬಿದ್ದಿರುತ್ತವೆ. ಅವು ಎಲ್ಲಿವೆ ಎಂದು ಹೇಳುವ ಪಟ್ಟಿಯಷ್ಟೇ ಹೋಗಿರುತ್ತದೆ. ಡ್ರೈವ್ ಮಾರುವವರು, ಯಾರಿಗಾದರೂ ಕೊಡುವವರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಸೆಕೆಂಡಿಗೆ 20 ಎಂಬಿ ಬರೆಯುವ ಸಾಧಾರಣ ಡ್ರೈವ್‌ಗೆ ಆ ಪಟ್ಟಿ ಬರೆಯಲು ಮೂರು ಸೆಕೆಂಡಿನ ಮೇಲೆ ಸ್ವಲ್ಪ. ಅದೇ ವೇಗದಲ್ಲಿ ಪೂರ್ತಿ 256 ಜಿಬಿಯ ಮೇಲೆ ಒಮ್ಮೆ ಸೊನ್ನೆ ಬರೆಯಲು ಮೂರೂವರೆ ಗಂಟೆಗೂ ಹೆಚ್ಚು.

ಅಂದಹಾಗೆ, ಹೊಸ ಡ್ರೈವ್ ಚುಚ್ಚಿದ ಕೂಡಲೇ ವಿಂಡೋಸ್ ‘238 ಜಿಬಿ’ ಎಂದು ತೋರಿಸುವುದರಲ್ಲಿ ಮೋಸವಿಲ್ಲ. ತಯಾರಕರು ಜಿಬಿ ಎಂದರೆ 100 ಕೋಟಿ ಬೈಟ್ ಎನ್ನುತ್ತಾರೆ. ವಿಂಡೋಸ್ 107 ಕೋಟಿ 37 ಲಕ್ಷ ಚಿಲ್ಲರೆ ಎನ್ನುತ್ತದೆ. ಮೋಸದ ಡ್ರೈವ್‌ಗಳು ಬೇರೆ ಇವೆ. ಕೆಲವು ನೂರು ರೂಪಾಯಿಗೆ ‘2 ಟಿಬಿ’ ಎಂದು ಮಾರುವಂಥವುಗಳ ನಿಯಂತ್ರಕ ಚಿಪ್ ಇಲ್ಲದ ಜಾಗವನ್ನು ಇದೆ ಎಂದು ಹೇಳುತ್ತದೆ. ಅವೂ ಬೇಗನೆ, ಚೆನ್ನಾಗಿಯೇ ಫಾರ್ಮ್ಯಾಟ್ ಆಗುತ್ತವೆ, ಏಕೆಂದರೆ ಪಟ್ಟಿ ಬರೆಯುವಷ್ಟು ಜಾಗ ಅವುಗಳಲ್ಲೂ ಇರುತ್ತದೆ.

ಹೊಸ ಕಂಪ್ಯೂಟರುಗಳಲ್ಲಿ ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ. 446 ಬೈಟ್‌ಗಳ ಕಸರತ್ತು ಇದಕ್ಕೆ ಬೇಕಿಲ್ಲ. ಡ್ರೈವ್‌ನಲ್ಲಿ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಬೂಟ್ ಎಂಬ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64 ಎಂಬ ಕಡತ. ಇದು ಸಿಕ್ಕರೆ ಸಾಕು. ಒಂದೇ ಷರತ್ತು: ಆ ಫೋಲ್ಡರುಗಳು ಫ್ಯಾಟ್ ಪದ್ಧತಿಯ ಪಾರ್ಟಿಷನ್ನಿನಲ್ಲಿರಬೇಕು, ಏಕೆಂದರೆ ಯುಇಎಫ್‌ಐ ನಿಯಮಾವಳಿ ಯಂತ್ರದೊಳಗಿನ ಫರ್ಮ್‌ವೇರ್‌ಗೆ ಕಡ್ಡಾಯ ಮಾಡಿರುವುದು ಅದೊಂದನ್ನೇ. ಫ್ಯಾಟ್‌32 ಹುಟ್ಟಿದ್ದು 1996ರಲ್ಲಿ, ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯ ಜೊತೆ. ಅದರಲ್ಲಿ ಒಂದು ಕಡತದ ಗಾತ್ರ ಬರೆಯಲು ಇಟ್ಟ ಜಾಗ ನಾಲ್ಕು ಬೈಟ್. ಅದರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,29,49,67,295. ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ.

ವಿಂಡೋಸ್ 11ರ ಐಎಸ್‌ಒ ಒಳಗೆ ‘ಇನ್‌ಸ್ಟಾಲ್ ಡಾಟ್ ವಿಮ್’ ಎಂಬ ಒಂದು ಕಡತವಿದೆ. ಇಡೀ ಆಪರೇಟಿಂಗ್ ಸಿಸ್ಟಂ ಅದರಲ್ಲೇ ಇರುವುದರಿಂದ ಅದು 4 ಜಿಬಿ ದಾಟುತ್ತದೆ. ಡ್ರೈವ್‌ನಲ್ಲಿ 250 ಜಿಬಿ ಖಾಲಿ ಇದ್ದರೂ ಆ ಕಡತ ಒಳಗೆ ಬರುವುದಿಲ್ಲ. ಜಾಗವಿಲ್ಲವೆಂದಲ್ಲ, ಅದರ ಗಾತ್ರವನ್ನು ಬರೆದಿಡಲು ಪಟ್ಟಿಯ ಅಂಕಣ ಸಾಲದು. ಮೈಕ್ರೊಸಾಫ್ಟ್ ತಾನೇ ಹೇಳಿಕೊಡುವ ಉಪಾಯವೆಂದರೆ ಆ ಕಡತವನ್ನು 4,000 ಎಂಬಿಗೆ ಮೀರದ ತುಂಡುಗಳಾಗಿ ಒಡೆಯುವುದು. ಬೂಟೆಬಲ್ ಡ್ರೈವ್ ಮಾಡಿಕೊಡುವ, ಪೀಟ್ ಬಟಾರ್ಡ್ ಬರೆದ ರೂಫಸ್ ಎಂಬ ಪ್ರೋಗ್ರಾಮಿನ ಉಪಾಯ ನನಗೆ ಹೆಚ್ಚು ಇಷ್ಟ. ಅದು ಡ್ರೈವನ್ನು ವಿಂಡೋಸ್‌ನದೇ ಎನ್‌ಟಿಎಫ್‌ಎಸ್ ಪದ್ಧತಿಗೆ ಫಾರ್ಮ್ಯಾಟ್ ಮಾಡಿ, ಕೊನೆಯಲ್ಲಿ ಒಂದೇ ಒಂದು ಎಂಬಿಯ ಪುಟ್ಟ ಫ್ಯಾಟ್ ಪಾರ್ಟಿಷನ್ ಇಡುತ್ತದೆ. ಫರ್ಮ್‌ವೇರ್ ಆ ಒಂದು ಎಂಬಿಯನ್ನು ಓದುತ್ತದೆ. ಅದರಲ್ಲಿರುವ ಸಣ್ಣ ಪ್ರೋಗ್ರಾಮ್ ‘ಎನ್‌ಟಿಎಫ್‌ಎಸ್ ಓದುವುದು ಹೀಗೆ’ ಎಂದು ಫರ್ಮ್‌ವೇರ್‌ಗೇ ಕಲಿಸಿ ಆಚೆಗೆ ಕರೆದೊಯ್ಯುತ್ತದೆ. 2,56,000 ಎಂಬಿಯಲ್ಲಿ ಬೂಟ್ ಆಗುವ ಭಾಗ ಆ ಒಂದು.

ಇಷ್ಟೆಲ್ಲ ಬೇಡ, 256 ಜಿಬಿಯನ್ನು ಸುಮ್ಮನೆ ಫ್ಯಾಟ್‌32 ಮಾಡೋಣ ಎಂದು ವಿಂಡೋಸ್‌ನ ಫಾರ್ಮ್ಯಾಟ್ ಕಿಟಕಿ ತೆರೆದರೆ ಅಲ್ಲಿ ಫ್ಯಾಟ್‌32 ಎಂಬ ಆಯ್ಕೆಯೇ ಇರುವುದಿಲ್ಲ. 32 ಜಿಬಿವರೆಗೆ ಇರುತ್ತದೆ, ಆಮೇಲೆ ಮಾಯ. ಕಮಾಂಡ್ ಪ್ರಾಂಪ್ಟ್‌ಗೆ ಹೋಗಿ ಆಜ್ಞೆ ಕೊಟ್ಟರೆ ಇನ್ನೂ ಕಿರಿಕಿರಿ: ಹಳೆಯ ಆವೃತ್ತಿಗಳು ಶೇಕಡಾವಾರು ಲೆಕ್ಕ ತೋರಿಸುತ್ತ ಬಹಳ ಹೊತ್ತು ಓಡಿ, ಕೆಲಸ ಮುಗಿಯಿತು ಎನ್ನುವ ಹೊತ್ತಿಗೆ ‘ವಾಲ್ಯೂಮ್ ತೀರಾ ದೊಡ್ಡದು’ ಎಂದು ಕೈ ಎತ್ತಿಬಿಡುತ್ತಿದ್ದವು. ಆ ಮಾತನ್ನು ಮೊದಲೇ ಹೇಳಬಹುದಿತ್ತಲ್ಲ ಎಂದರೆ ಕೇಳುವವರಿಲ್ಲ. ವಿಚಿತ್ರವೆಂದರೆ ಫ್ಯಾಟ್‌32ಕ್ಕೆ ಅಂಥ ಮಿತಿಯೇ ಇಲ್ಲ. 512 ಬೈಟ್‌ಗಳ ಸೆಕ್ಟರ್ ಇಟ್ಟುಕೊಂಡು ಅದು 2 ಟಿಬಿವರೆಗೆ ಹೋಗಬಲ್ಲದು. ಬೇರೆ ಸಾಧನದಿಂದ ಫಾರ್ಮ್ಯಾಟ್ ಮಾಡಿ ತಂದರೆ ಇದೇ ವಿಂಡೋಸ್ ಚಕಾರವೆತ್ತದೆ ಓದುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಅಡ್ಡಿ ಇರುವುದು ಫಾರ್ಮ್ಯಾಟ್ ಮಾಡುವ ಕಿಟಕಿಯಲ್ಲಿ ಮಾತ್ರ.

ಆ ಕಿಟಕಿ ಬರೆದವರು ಡೇವ್ ಪ್ಲಮರ್, ಮೈಕ್ರೊಸಾಫ್ಟ್‌ನ ಹಳೆಯ ಎಂಜಿನಿಯರ್. ಟಾಸ್ಕ್ ಮ್ಯಾನೇಜರ್ ಬರೆದವರೂ ಅವರೇ. 2024ರ ಮಾರ್ಚ್‌ನಲ್ಲಿ ಅವರೇ ಬಹಿರಂಗವಾಗಿ ಕಥೆ ಹೇಳಿದರು. ಅವರ ನೆನಪಿನಂತೆ ಅದು 1994ರ ಕೊನೆಯ ಭಾಗ, ಮಳೆ ಹಿಡಿದ ಒಂದು ಗುರುವಾರ ಬೆಳಿಗ್ಗೆ. ವಿಂಡೋಸ್ 95ರ ಮುಖಚರ್ಯೆಯನ್ನು ವಿಂಡೋಸ್ ಎನ್‌ಟಿಗೆ ಸಾಗಿಸುವ ಕೆಲಸ ನಡೆದಿತ್ತು. ಫಾರ್ಮ್ಯಾಟ್‌ಗೆ ಏನೇನು ಆಯ್ಕೆ ಬೇಕು ಎಂದು ಒಂದು ಕಾಗದದ ಮೇಲೆ ಬರೆದುಕೊಂಡು, ಅವನ್ನೆಲ್ಲ ಮೇಲಿಂದ ಕೆಳಕ್ಕೆ ಪೇರಿಸಿ ಒಂದು ಕಿಟಕಿ ಮಾಡಿದರು. ಚೆಂದವಿಲ್ಲ, ಆದರೆ ಚೆಂದದ್ದು ಬರುವವರೆಗೆ ನಡೆಯುತ್ತದೆ ಎಂದುಕೊಂಡರು. ಅದರ ಜೊತೆಗೆ ಇನ್ನೊಂದು ತೀರ್ಮಾನ: ಡಿಸ್ಕ್ ದೊಡ್ಡದಾದಂತೆ ಕ್ಲಸ್ಟರ್ ದೊಡ್ಡದಾಗುತ್ತದೆ, 100 ಬೈಟ್‌ನ ಪುಟ್ಟ ಕಡತವೂ 32 ಕೆಬಿಯ ಇಡೀ ಕ್ಲಸ್ಟರ್ ನುಂಗುತ್ತದೆ. ಎಷ್ಟು ಪೋಲಾದರೆ ಅತಿಯಾಯಿತು? ಎಲ್ಲೋ ಒಂದು ಗೆರೆ ಎಳೆಯಬೇಕಿತ್ತು. ಆ ಬೆಳಿಗ್ಗೆ ಎಳೆದ ಗೆರೆ 32 ಜಿಬಿಗೆ ಬಂದು ನಿಂತಿತು. ಆಗಿನ ಮನೆಯ ಕಂಪ್ಯೂಟರುಗಳ ಡಿಸ್ಕ್ ಕೆಲವು ನೂರು ಎಂಬಿ. ಕಣ್ಣಳತೆಗೆ ನಿಲುಕದಷ್ಟು ದೂರದ ಗೆರೆ ಅದು.

ಚೆಂದದ್ದು ಬರಲೇ ಇಲ್ಲ. ಮೂವತ್ತು ವರ್ಷದ ಮೇಲೂ ಅದೇ ಕಿಟಕಿ, ಅದೇ ಗೆರೆ. ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿ, ವಿಂಡೋಸ್ ಹಾಕಿಕೊಡು ಎಂದು ದೊಡ್ಡ ಡ್ರೈವ್ ಚಾಚಿದರೆ, ಹುಡುಗ ಅದನ್ನು ತಿರುಗಿಸಿ ನೋಡಿ, “ಅಣ್ಣಾ, ಇದು ಬೇಡ. ಮನೇಲಿ ಹಳೇದು ಹದಿನಾರು ಜಿಬಿದು ಬಿದ್ದಿರುತ್ತಲ್ಲ, ಅದನ್ನ ತನ್ನಿ” ಎನ್ನುವುದು ಇದೇ ಕಾರಣಕ್ಕೆ. ಅವನಿಗೆ ಪ್ಲಮರ್ ಗೊತ್ತಿಲ್ಲ. ಗೆರೆ ಎಲ್ಲಿದೆ ಎಂಬುದು ಗೊತ್ತು.

ಈ ಗೆರೆ ಇಡೀ ಜಗತ್ತಿಗೆ ಕಾಣಿಸಿಕೊಂಡದ್ದು 2024ರ ಜುಲೈ 19ರ ನಂತರ. ಆ ದಿನ ಭಾರತದ ಸಮಯ ಬೆಳಿಗ್ಗೆ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ತನ್ನ ತಂತ್ರಾಂಶಕ್ಕೆ ಒಂದು ಕಡತ ಕಳಿಸಿತು. ಪ್ರೋಗ್ರಾಮ್ 20 ಮೌಲ್ಯಗಳನ್ನು ಒದಗಿಸುತ್ತಿದ್ದ ಕಡೆ ಆ ಕಡತ ಇಪ್ಪತ್ತೊಂದನೆಯದನ್ನು ಕೇಳಿತು. 78 ನಿಮಿಷದಲ್ಲಿ ಸಂಸ್ಥೆ ಅದನ್ನು ಹಿಂತೆಗೆದುಕೊಂಡಿತಾದರೂ ಅಷ್ಟರೊಳಗೆ ಏಟು ಬಿದ್ದಾಗಿತ್ತು. ಮೈಕ್ರೊಸಾಫ್ಟ್ ಅಂದಾಜಿನಲ್ಲಿ 85 ಲಕ್ಷ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಅದು ಜಗತ್ತಿನ ವಿಂಡೋಸ್ ಯಂತ್ರಗಳಲ್ಲಿ ನೂರಕ್ಕೆ ಒಂದರಷ್ಟೂ ಅಲ್ಲ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು.

ರಿಪೇರಿಗೆ ಮಾಡಬೇಕಾದದ್ದು ಒಂದೇ ಕಡತ ಅಳಿಸುವುದು. ಆದರೆ ವಿಂಡೋಸ್ ಏಳುತ್ತಲೇ ಬೀಳುತ್ತಿದ್ದ ಯಂತ್ರಕ್ಕೆ ದೂರದಿಂದ ಆಜ್ಞೆ ಕಳಿಸುವುದು ಹೇಗೆ? ಬಹಳಷ್ಟು ಕಡೆ ಒಬ್ಬ ಮನುಷ್ಯ ಯಂತ್ರದ ಮುಂದೆ ಹೋಗಿ ನಿಲ್ಲಲೇಬೇಕಾಯಿತು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ಗೂಢಲಿಪಿಯ ಬೀಗ ಇದ್ದರೆ 48 ಅಂಕಿಗಳ ಕೀಲಿಯನ್ನು ಕೈಯಲ್ಲಿ ಒತ್ತಬೇಕು. ಯಂತ್ರಕ್ಕೆ ಹದಿನೈದು ನಿಮಿಷ ಎಂದು ಹಿಡಿದರೆ 85 ಲಕ್ಷಕ್ಕೆ 21 ಲಕ್ಷ 25 ಸಾವಿರ ಗಂಟೆ; ಒಬ್ಬನೇ ಹಗಲಿರುಳು ಕೂತರೆ 242 ವರ್ಷ. ಈ ಕೆಲಸಕ್ಕೆಂದೇ ಮೈಕ್ರೊಸಾಫ್ಟ್ ಬೂಟೆಬಲ್ ಪೆನ್‌ಡ್ರೈವ್ ತಯಾರಿಸುವ ಸಾಧನವೊಂದನ್ನು ತುರ್ತಾಗಿ ಬಿಡುಗಡೆ ಮಾಡಿತು. ಅದರ ಸೂಚನೆಯಲ್ಲಿ ಡ್ರೈವ್‌ನ ಅಳತೆ ಹೀಗಿತ್ತು: ಕನಿಷ್ಠ 1 ಜಿಬಿ, ಗರಿಷ್ಠ 32 ಜಿಬಿ, ಒಳಗಿರುವುದೆಲ್ಲ ಅಳಿಸಿ ಫ್ಯಾಟ್‌32 ಆಗುತ್ತದೆ. ಲಕ್ಷ ಕೋಟಿಗಳ ಕಂಪನಿಗಳ ಐಟಿ ವಿಭಾಗದವರು ಮೇಜಿನ ಡ್ರಾಯರುಗಳಲ್ಲಿ ಹುಡುಕಬೇಕಾದದ್ದು ದೊಡ್ಡ ಡ್ರೈವ್‌ಗಳನ್ನಲ್ಲ, ಚಿಕ್ಕವನ್ನು. 1994ರ ಆ ಗುರುವಾರದ ಅಳತೆಯವನ್ನು.

ಮುಂದಿನ ತಿಂಗಳು, ಆಗಸ್ಟ್ 2024ರಲ್ಲಿ, ವಿಂಡೋಸ್ 11ರ ಒಂದು ಪರೀಕ್ಷಾ ಆವೃತ್ತಿಯಲ್ಲಿ ಮೈಕ್ರೊಸಾಫ್ಟ್ ಮಿತಿಯನ್ನು 32 ಜಿಬಿಯಿಂದ 2 ಟಿಬಿಗೆ ಏರಿಸಿತು. ಒಂದೇ ಏಟಿಗೆ 64 ಪಟ್ಟು. ಆದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಮಾತ್ರ. ಪ್ಲಮರ್ ಅವರ ಕಿಟಕಿಯನ್ನು ಮುಟ್ಟಲಿಲ್ಲ. ಈ 2 ಟಿಬಿ ಯಾರದೋ ಬೆಳಗಿನ ಕಣ್ಣಂದಾಜಲ್ಲ, ಶುದ್ಧ ಗುಣಾಕಾರ: ಸೆಕ್ಟರುಗಳ ಸಂಖ್ಯೆ ಬರೆಯಲು 32 ಬಿಟ್, ಸೆಕ್ಟರಿಗೆ 512 ಬೈಟ್, ಗುಣಿಸಿದರೆ 21,99,02,32,55,552 ಬೈಟ್. 1983ರ ಪಾರ್ಟಿಷನ್ ಪಟ್ಟಿ ಮುಗಿಯುವುದೂ ಇದೇ ಸಂಖ್ಯೆಯ ಆಸುಪಾಸಿನಲ್ಲಿ. ಅದರ ಉತ್ತರಾಧಿಕಾರಿ ಜಿಪಿಟಿ 64 ಬಿಟ್ ಬಳಸುವುದರಿಂದ ಅದರ ಮಿತಿಗೆ ನಮ್ಮಂಥ 256 ಜಿಬಿಯ 3,689 ಕೋಟಿ ಡ್ರೈವ್‌ಗಳನ್ನು ಸಾಲಾಗಿ ಜೋಡಿಸಬೇಕು. ಫ್ಯಾಟ್‌32ಕ್ಕೆ ಅಂಥ ವಿಸ್ತಾರ ಬಂದಿಲ್ಲ, ಯುಇಎಫ್‌ಐ ಕೇಳುವುದು ಮಾತ್ರ ಇನ್ನೂ ಅದನ್ನೇ. ಕಿಂಗ್‌ಸ್ಟನ್ ಕಂಪನಿ 2 ಟಿಬಿಯ ಪೆನ್‌ಡ್ರೈವ್ ಪ್ರಕಟಿಸಿದ್ದು 2017ರ ಜನವರಿಯಲ್ಲಿ. ಹೊಸ ಮಿತಿಯೊಳಗೆ ಅದು ಹಿಡಿಸುತ್ತದೆ, ಮೇಲೆ 199 ಜಿಬಿ ಉಳಿಯುತ್ತದೆ. 4 ಟಿಬಿಯದು ಹಿಡಿಸುವುದಿಲ್ಲ.